ಮ್ಯಾಚ್ ಮುಗಿಯಲಿ, ಆಮೇಲೆ ಊಟ!

"ಊಟಕ್ಕೆ ಬಾರೋ ಅಂತ ನಾಲ್ಕು ಸಲ ಕರೆದೆ ಮೇಡಂ. 'ಇನ್ನೇನು ಮ್ಯಾಚ್ ಮುಗೀತು ಅಮ್ಮ' ಅಂದ. ಅಷ್ಟರಲ್ಲಿ ನಮ್ಮತ್ತೆ ಎದ್ದು ಹೋಗಿ ಅದನ್ನ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಆವತ್ತು ರಾತ್ರಿ ಅವನು ಊಟ ಮಾಡಲಿಲ್ಲ. ಎರಡು ದಿನ ನನ್ನ ಹತ್ರ ಮಾತಾಡಲಿಲ್ಲ. ಕಿತ್ತುಕೊಂಡಿದ್ದು ಅತ್ತೆ, ಮುನಿಸು ಮಾತ್ರ ನನ್ನ ಮೇಲೆ!"

ಕಡೂರಿನ ಗೃಹಿಣಿಯೊಬ್ಬರು ಬರೆದ ಪತ್ರದ ಸಾಲುಗಳಿವು. ಮಗ ಎಂಟನೇ ಕ್ಲಾಸು. ದುಬೈನಲ್ಲಿರೋ ಸೋದರಮಾವ ರಜಕ್ಕೆ ಬಂದಾಗ ಕೈಯಲ್ಲಿ ಹಿಡಿದು ಆಡೋ ವಿಡಿಯೋ ಗೇಮ್ ತಂದುಕೊಟ್ಟಿದ್ದಾರೆ. ಅದರಲ್ಲಿ ಫುಟ್‌ಬಾಲ್ ಆಟ. ಅಂದಿನಿಂದ ಮನೆಯಲ್ಲಿ ದಿನಾ ಸಂಜೆ ಜಗಳ. ತಂದುಕೊಟ್ಟ ಮಾವ ಒಳ್ಳೆಯವರು, "ಆಡಲಿ ಬಿಡೇ" ಅನ್ನೋ ಅಪ್ಪ ಒಳ್ಳೆಯವರು. "ನೀನು ಸಲುಗೆ ಕೊಟ್ಟಿದ್ದಕ್ಕೇ ಹೀಗಾಗಿದ್ದು" ಅಂತ ಮಾತು ಕೇಳಬೇಕಾದವಳು ಮಾತ್ರ ಅಮ್ಮ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ!

ನಿಮ್ಮ ಮನೆಯಲ್ಲೂ ಇದೇ ಕಥೆನಾ? ಹಾಗಿದ್ರೆ ಈ ವಾರ ನಾನು ಹೇಳೋದು ಕೆಲವರಿಗೆ ಸರಿ ಅನಿಸಲಿಕ್ಕಿಲ್ಲ. ಆಟ ನಡೀತಿರುವಾಗ ಮಗುವಿನ ಕೈಯಿಂದ ಅದನ್ನ ಕಿತ್ತುಕೊಳ್ಳಬೇಡಿ. ಬೈಯೋ ಮೊದಲು ಒಂದೇ ಒಂದು ಮ್ಯಾಚು, ಮೊದಲಿಂದ ಕೊನೇವರೆಗೆ ಪಕ್ಕದಲ್ಲಿ ಕೂತು ನೋಡಿ. ಕುಕ್ಕರ್ ಮೂರು ಕೂಗು ಕೂಗೋಷ್ಟು ಹೊತ್ತು ಸಾಕು.

ಗಡಿಯಾರದ ಗುಟ್ಟು

ಕಡೂರಿನ ಈ ತಾಯಿ ಇನ್ನೊಂದು ಮಾತು ಬರೆದಿದ್ದಾರೆ. "ಫುಟ್‌ಬಾಲ್ ಅಂದ್ರೆ ಒಂದೂವರೆ ಗಂಟೆ ಅಲ್ವಾ? ಸ್ಕ್ರೀನ್ ಮೇಲೂ ತೊಂಬತ್ತು ನಿಮಿಷ ಅಂತಾನೇ ಬರುತ್ತೆ. ಅಷ್ಟು ಹೊತ್ತು ಬಿಡೋಕಾಗುತ್ತಾ?"

ಇಲ್ಲೇ ಇರೋದು ಎಲ್ಲ ಗೊಂದಲ. ಪರದೆಯ ಮೇಲಿನ ಗಡಿಯಾರ ತೊಂಬತ್ತು ನಿಮಿಷ ಓಡಿದ ಹಾಗೆ ಕಾಣುತ್ತೆ, ಆದರೆ ಅದು ಬೇಗ ಬೇಗ ಓಡೋ ಗಡಿಯಾರ. ಒಂದು ಹಾಫ್ ನಾಲ್ಕು ನಿಮಿಷ ಇರಬೇಕಾ, ಆರು ನಿಮಿಷ ಇರಬೇಕಾ ಅಂತ ಸೆಟ್ಟಿಂಗ್ಸ್‌ನಲ್ಲಿ ನಾವೇ ಇಡಬಹುದು. ಆರು ನಿಮಿಷ ಇಟ್ಟರೂ ಎರಡು ಹಾಫ್ ಸೇರಿ ಹನ್ನೆರಡು ನಿಮಿಷ. ಗೋಲು ಬಿದ್ದಾಗ ಮತ್ತೆ ತೋರಿಸೋದು, ಆಟಗಾರರನ್ನು ಬದಲಾಯಿಸೋದು ಎಲ್ಲ ಸೇರಿದರೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ನಾಕೌಟ್ ಪಂದ್ಯ ಸಮ ಆದರೆ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಅಂತ ಸ್ವಲ್ಪ ಮುಂದಕ್ಕೆ ಹೋಗಬಹುದು. ಅಷ್ಟೇ.

ಅಂದ್ರೆ ಇದು ಕೊನೆ ಇರೋ ಆಟ. ನಿಮ್ಮ ಮೊಬೈಲ್‌ನಲ್ಲಿ ಬರೋ ರೀಲ್ಸ್‌ಗೆ ಕೊನೆ ಇದೆಯಾ ಹೇಳಿ? ಒಂದು ನೋಡಿದ್ರೆ ಇನ್ನೊಂದು, ಅದಾದ ಮೇಲೆ ಮತ್ತೊಂದು. ಅದಕ್ಕೇ ನನ್ನ ಕೇಳಿದ್ರೆ ಮಗುವಿನ ಕೈಗೆ ನಿಮ್ಮ ಫೋನ್ ಕೊಡೋದಕ್ಕಿಂತ ಈ ಪುಟ್ಟ ಆಟದ ಯಂತ್ರವೇ ವಾಸಿ. ರೆಫ್ರಿ ಸೀಟಿ ಊದುತ್ತಾನೆ, ಮ್ಯಾಚ್ ಮುಗಿಯುತ್ತೆ, ಏಳೋದಕ್ಕೆ ಒಂದು ಜಾಗ ಸಿಗುತ್ತೆ. "ಅರ್ಧ ಗಂಟೆ ಆಡು" ಅಂತ ನಾವು ನಿಮಿಷದ ಲೆಕ್ಕ ಕೊಟ್ಟಾಗ ಆ ಅರ್ಧ ಗಂಟೆ ಎರಡನೇ ಮ್ಯಾಚಿನ ಮಧ್ಯಕ್ಕೆ ಬಂದು ನಿಲ್ಲುತ್ತೆ. ಜಗಳ ಶುರುವಾಗೋದೇ ಅಲ್ಲಿ. ಬದಲಿಗೆ ಮ್ಯಾಚಿನ ಲೆಕ್ಕ ಕೊಡಿ. ಶಾಲೆ ಇರೋ ದಿನ ಎರಡು, ಭಾನುವಾರ ನಾಲ್ಕು. ಊಟದ ತಟ್ಟೆ ಇಡೋ ಮೊದಲು "ಇದು ಎಷ್ಟನೇ ನಿಮಿಷ?" ಅಂತ ಕೇಳಿ. "ಎಪ್ಪತ್ತೈದು" ಅಂದ್ರೆ ಇನ್ನು ಎರಡು ನಿಮಿಷದಲ್ಲಿ ಮುಗಿಯುತ್ತೆ, ಅನ್ನ ಬಡಿಸಿ. "ಹತ್ತು" ಅಂದ್ರೆ ಇನ್ನೂ ಶುರು, ಆಗ ಹಾಫ್‌ಟೈಮ್‌ಗೆ ನಿಲ್ಲಿಸಿ ಬಾ ಅನ್ನಿ.

ನಿಲ್ಲಿಸೋಕೆ ಆಗುತ್ತಾ? ಮಕ್ಕಳು "ಮಧ್ಯದಲ್ಲಿ ನಿಲ್ಲಿಸೋಕೆ ಆಗಲ್ಲ ಅಮ್ಮ" ಅಂತಾರೆ. ಇದು ಅರ್ಧ ಸತ್ಯ! ಕಂಪ್ಯೂಟರ್ ವಿರುದ್ಧ ಆಡುವಾಗ ಪಾಸ್ ಬಟನ್ ಒತ್ತಿ ಯಂತ್ರವನ್ನ ನಿದ್ದೆಗೆ ಕಳಿಸಿದ್ರೆ ಆಯಿತು. ಊಟ ಮುಗಿಸಿ ಬಂದರೆ ಚೆಂಡು ಬಿಟ್ಟಲ್ಲೇ ಇರುತ್ತೆ. ನಿಂಟೆಂಡೊ ಸ್ವಿಚ್‌ನಲ್ಲೂ ಹೀಗೇ, ಹಳೇ ಪಿಎಸ್‌ಪಿಯಲ್ಲೂ ಹೀಗೇ ಇತ್ತು. ಆದರೆ ಇಂಟರ್‌ನೆಟ್‌ನಲ್ಲಿ ಬೇರೆ ಊರಿನ ಹುಡುಗನ ಜತೆ ಆಡ್ತಿದ್ರೆ ಹಾಗೆ ಬಿಟ್ಟು ಬರೋಕಾಗಲ್ಲ, ಬಿಟ್ಟರೆ ಸೋಲು. ಹಾಗಾಗಿ "ಯಾರ ಜತೆ ಆಡ್ತಿದೀಯ?" ಅಂತ ಕೇಳೋ ಅಭ್ಯಾಸ ಇಟ್ಟುಕೊಳ್ಳಿ. ಆ ಒಂದು ಪ್ರಶ್ನೆಗೆ ಬರೋ ಉತ್ತರದಲ್ಲಿ ನಿಮಗೆ ಬೇಕಾದ ಎಷ್ಟೋ ವಿಷಯ ಗೊತ್ತಾಗುತ್ತೆ.

ಇನ್ನು ಕಡೂರಿನ ಅತ್ತೆಯವರ ವಿಷಯ. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಬಿಸಿ ಊಟ ಆರಿಹೋಗ್ತಿದ್ರೆ ಯಾವ ಅಜ್ಜಿಗೆ ಸಿಟ್ಟು ಬರಲ್ಲ? ಆದರೆ ಸೊಸೆಯಾದ ನೀವು "ಯಾಕೆ ಕಿತ್ತುಕೊಂಡ್ರಿ" ಅಂತ ಕೇಳಿದ್ರೆ ಅದು ಬೇರೆಯದೇ ಮಹಾಭಾರತ ಆಗುತ್ತೆ. ಅದರ ಬದಲು ಅವರನ್ನೇ ರೆಫ್ರಿ ಮಾಡಿಬಿಡಿ. ಯಂತ್ರ ಅವರ ಬೀರುವಿನಲ್ಲೇ ಇರಲಿ, ಸಂಜೆ ಹೋಂವರ್ಕ್ ಮುಗಿದ ಮೇಲೆ ಮೊಮ್ಮಗ ಅಜ್ಜಿ ಹತ್ರಾನೇ ಕೇಳಿ ತೆಗೆದುಕೊಳ್ಳಲಿ, ಎರಡು ಮ್ಯಾಚ್ ಆದ ಮೇಲೆ ಅವರಿಗೇ ವಾಪಸ್ ಕೊಡಲಿ. ಲೆಕ್ಕ ಇಡೋ ಅಧಿಕಾರ ಸಿಕ್ಕಿದ ಮೇಲೆ ಕಿತ್ತುಕೊಳ್ಳೋ ಅಗತ್ಯ ಬರಲ್ಲ. ನಿಮ್ಮ ಮೇಲೆ ಬರೋ ಮಾತೂ ಕಮ್ಮಿಯಾಗುತ್ತೆ.

ಚೆಂಡಿಗಿಂತ ಅಂಗಡಿಯ ಭಯ

ಆಟದ ಬಗ್ಗೆ ಸ್ವಲ್ಪ ತಿಳಿದುಕೊಳ್ಳೋಣ, ಯಾಕಂದ್ರೆ ದುಡ್ಡು ಹೋಗೋ ದಾರಿ ಅಲ್ಲೇ ಇದೆ.

ಇಎ ಸ್ಪೋರ್ಟ್ಸ್ ಕಂಪನಿಯ ಮೊದಲ ಫಿಫಾ ಆಟ ಬಂದಿದ್ದು 1993ರಲ್ಲಿ. ಆಗ ಆಟಗಾರರಿಗೆ ನಿಜವಾದ ಹೆಸರೂ ಇರಲಿಲ್ಲ. ಈಗ ನೋಡಿ, ಹುಲ್ಲಿನ ಮೇಲೆ ನೆರಳು ಬೀಳುತ್ತೆ, ಓಡಿ ಓಡಿ ಆಟಗಾರ ಸುಸ್ತಾಗ್ತಾನೆ, ಮಳೆ ಬಂದರೆ ಮೈದಾನ ಒದ್ದೆ. ಪಕ್ಕದ ರೂಮಿನಿಂದ ಕಾಮೆಂಟರಿ ಕೇಳಿದ್ರೆ ಟೀವಿಯಲ್ಲಿ ಮ್ಯಾಚ್ ಬರ್ತಿದೆ ಅಂದ್ಕೋಬೇಕು! 2021ರಲ್ಲಿ ಬಂದ ಫಿಫಾ 22ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್ ಕೂಡ ಸೇರಿಕೊಂಡಿತು. ಅಂದ್ರೆ ಬೆಂಗಳೂರು ಎಫ್‌ಸಿ, ಸುನಿಲ್ ಚೆಟ್ರಿ ಎಲ್ಲ ಆಟದೊಳಗೇ ಬಂದರು. 2023ರಿಂದ ಈ ಆಟದ ಹೆಸರು 'ಇಎ ಸ್ಪೋರ್ಟ್ಸ್ ಎಫ್‌ಸಿ'. ಮಗ ಎಫ್‌ಸಿ ಅಂದ್ರೂ ಅಂಗಡಿಯವನು ಫಿಫಾ ಅಂದ್ರೂ ವಂಶ ಒಂದೇ. ಕೊನಾಮಿ ಕಂಪನಿಯ ಪ್ರೋ ಎವಲ್ಯೂಷನ್ ಸಾಕರ್ ಅಂತ ಇನ್ನೊಂದಿತ್ತು, ಅದು 2021ರಲ್ಲಿ 'ಇಫುಟ್‌ಬಾಲ್' ಆಯಿತು.

ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಹೊಸದೊಂದು ಬರುತ್ತೆ. "ಅಮ್ಮ, ಹಳೇದು ಬೇಡ, ಹೊಸದು ಕೊಡಿಸು" ಅಂತ ಹಟ ಶುರು. ಇಲ್ಲೊಂದು ಮಾತು ನೆನಪಿಡಿ. ನಿಂಟೆಂಡೊ ಸ್ವಿಚ್‌ಗೆ ಬಂದ ಫಿಫಾ 20ರಿಂದ ಫಿಫಾ 23ರವರೆಗಿನ ಆಟಗಳ ಡಬ್ಬದ ಮೇಲೆ 'ಲೆಗಸಿ ಎಡಿಷನ್' ಅಂತ ಬರೆದಿರುತ್ತೆ. ಹಾಗಂದ್ರೆ ಆಟ ಹಳೇದೇ, ತಂಡದ ಪಟ್ಟಿ ಮತ್ತು ಜೆರ್ಸಿ ಮಾತ್ರ ಹೊಸದು. ಹಳೇ ಸೀರೆಗೆ ಹೊಸ ಫಾಲ್ಸ್ ಹೊಲಿದು ಹೊಸ ಸೀರೆ ಬೆಲೆಗೆ ಮಾರಿದ ಹಾಗೆ! ನಾವು ಅಂಗಡಿಯಲ್ಲಿ ಸೆರಗು ಬಿಡಿಸಿ ನೋಡದೆ ತೆಗೆದುಕೊಳ್ತೀವಾ? ಇದನ್ನೂ ಹಾಗೇ ನೋಡಿ. 2023ರ ಎಫ್‌ಸಿ 24ರಲ್ಲಿ ಸ್ವಿಚ್‌ಗೂ ಆಟ ನಿಜವಾಗಿ ಬದಲಾಯಿತು. ಅದಿದ್ದರೆ ಪ್ರತಿ ವರ್ಷ ಹೊಸದು ಬೇಕೇ ಬೇಕು ಅಂತೇನಿಲ್ಲ. ಇನ್ನೊಂದು, ನಮ್ಮ ಊರುಗಳಿಗೆ ಈ ಯಂತ್ರ ಬರೋದು ಹೆಚ್ಚಾಗಿ ವಿದೇಶದ ನೆಂಟರ ಸೂಟ್‌ಕೇಸಿನಲ್ಲಿ, ಇಲ್ಲಾಂದ್ರೆ ಆಮದು ಮಾಡೋ ಅಂಗಡಿಯಿಂದ. ಕೊಳ್ಳೋ ಮೊದಲೇ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ ಅಂತ ಕೇಳಿ ತಿಳಿದುಕೊಳ್ಳಿ.

ಈಗ ಅಸಲಿ ಭಯ. ಈ ಆಟದಲ್ಲಿ 'ಅಲ್ಟಿಮೇಟ್ ಟೀಮ್' ಅಂತ ಒಂದು ಭಾಗ ಇದೆ. 2009ರಿಂದಲೂ ಇದೆ. ಅಲ್ಲಿ ಆಟಗಾರರು ಕಾರ್ಡಿನ ರೂಪದಲ್ಲಿ ಸಿಗ್ತಾರೆ. ಕಾರ್ಡುಗಳು ಮುಚ್ಚಿದ ಪ್ಯಾಕಿನಲ್ಲಿರುತ್ತವೆ. ಪ್ಯಾಕ್ ಒಡೆದಾಗ ಮೆಸ್ಸಿಯಂಥವರು ಸಿಗಬಹುದು, ಹೆಸರೇ ಕೇಳದವರೂ ಸಿಗಬಹುದು. ಆಡಿ ಆಡಿ ಗಳಿಸಿದ ನಾಣ್ಯದಿಂದಲೂ ಪ್ಯಾಕ್ ಕೊಳ್ಳಬಹುದು, ನಮ್ಮ ನಿಜವಾದ ದುಡ್ಡಿನಿಂದಲೂ ಕೊಳ್ಳಬಹುದು. ನಾವು ಚಿಕ್ಕವರಿದ್ದಾಗ ಜಾತ್ರೆಯಲ್ಲಿ ನಾಲ್ಕಾಣೆ ಕೊಟ್ಟು ಚೀಟಿ ಎತ್ತುತ್ತಿದ್ದೆವಲ್ಲ, ಅದೇ ಲೆಕ್ಕ. ಜಾತ್ರೆ ಮೂರು ದಿನಕ್ಕೆ ಮುಗೀತಿತ್ತು, ಇದು ಮುಗಿಯಲ್ಲ. ಇನ್ನೂ ತಮಾಷೆ ಅಂದ್ರೆ ಈ ವರ್ಷ ಕಷ್ಟಪಟ್ಟು ಕಟ್ಟಿದ ತಂಡ ಮುಂದಿನ ವರ್ಷದ ಆಟಕ್ಕೆ ಬರೋದೇ ಇಲ್ಲ. ಮತ್ತೆ ಸೊನ್ನೆಯಿಂದ ಶುರು!

ಬೆಲ್ಜಿಯಂ ದೇಶ 2018ರಲ್ಲೇ ಇಂಥ ಪ್ಯಾಕುಗಳು ಜೂಜು ಅಂತ ಹೇಳಿತು, 2019ರ ಜನವರಿಯಲ್ಲಿ ಕಂಪನಿ ಅಲ್ಲಿ ಇದಕ್ಕೆ ಬೇಕಾದ ಪಾಯಿಂಟ್ ಮಾರೋದನ್ನ ನಿಲ್ಲಿಸಿತು. ಪಕ್ಕದ ನೆದರ್‌ಲೆಂಡ್ಸ್‌ನಲ್ಲಿ ದಂಡ ಹಾಕಿದ್ರು, ಆದರೆ 2022ರಲ್ಲಿ ಅಲ್ಲಿನ ನ್ಯಾಯಾಲಯ ಇದು ಜೂಜಲ್ಲ ಅಂತ ಹೇಳಿ ದಂಡ ತೆಗೆದುಹಾಕಿತು. ದೊಡ್ಡವರಲ್ಲೇ ಹೀಗೆ ಎರಡು ಮಾತು. ನಮ್ಮಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಗೆಲ್ಲೋ ಆಸೆಗೆ ದುಡ್ಡು ಕಟ್ಟಿಸಿಕೊಳ್ಳೋ ಆಟಗಳನ್ನ ನಿಷೇಧಿಸಿತು. ಈ ಕಾರ್ಡಿನ ಪ್ಯಾಕಿನಲ್ಲಿ ಗೆದ್ದು ಮನೆಗೆ ತರೋ ದುಡ್ಡೇ ಇಲ್ಲ, ಹೋಗೋದಷ್ಟೇ! ಹಾಗಾಗಿ ಕಾನೂನು ನೋಡಿಕೊಳ್ಳುತ್ತೆ ಅಂತ ನಾವು ಸುಮ್ಮನೆ ಕೂರೋ ಹಾಗಿಲ್ಲ.

ಏನು ಮಾಡಬೇಕು? ಯಜಮಾನರ ಕ್ರೆಡಿಟ್ ಕಾರ್ಡ್ ನಂಬರನ್ನ ಆ ಯಂತ್ರದಲ್ಲಿ ಉಳಿಸಬೇಡಿ. "ಓಟಿಪಿ ಬರುತ್ತಲ್ಲ" ಅಂತ ನಮ್ಮನೆಯವರು ಧೈರ್ಯ ಹೇಳ್ತಾರೆ. ವಿದೇಶದ ಅಂಗಡಿಗಳಲ್ಲಿ ಓಟಿಪಿ ಇಲ್ಲದೆಯೂ ದುಡ್ಡು ಕಡಿತ ಆಗಬಹುದು. ಕಾರ್ಡಿನ ವಿದೇಶಿ ವ್ಯವಹಾರವನ್ನ ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚೋ ಅನುಕೂಲವನ್ನ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕುಗಳು 2020ರಿಂದ ಕೊಟ್ಟಿವೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನ ಮುಚ್ಚಿಡಿ. ಸ್ವಿಚ್ ಇರುವವರು ನಿಂಟೆಂಡೊದವರ ಪೇರೆಂಟಲ್ ಕಂಟ್ರೋಲ್ಸ್ ಅನ್ನೋ ಉಚಿತ ಆ್ಯಪ್ ನಿಮ್ಮ ಫೋನಿಗೆ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬಂದ್ ಆಗಬೇಕು ಅನ್ನೋದನ್ನ ಅಲ್ಲೇ ಇಡಬಹುದು. ಅದರಲ್ಲಿ ಒಂದು ಪಿನ್ ಇರುತ್ತೆ. ದಯವಿಟ್ಟು ಮಗನ ಹುಟ್ಟಿದ ವರ್ಷ ಇಡಬೇಡಿ!

ಅಜ್ಜಂಪುರದ ಅಜ್ಜಿಯ ದೂರು

"ಬೇಸಿಗೆ ರಜಕ್ಕೆ ಅಂತ ಮಗಳು, ಮೊಮ್ಮಗ ಬೆಂಗಳೂರಿನಿಂದ ಬರ್ತಾರೆ. ಹೊತ್ತುಹೊತ್ತಿಗೆ ತಿನ್ನೋದೊಂದು ಬಿಟ್ಟರೆ ಹುಡುಗ ತಲೆ ಎತ್ತಲ್ಲ. ಅಮೃತಮಹಲ್ ದನ ತೋರಿಸ್ತೀನಿ ಬಾ ಅಂದ್ರೆ 'ಫೋಟೋ ನೋಡಿದೀನಿ ಅಜ್ಜಿ' ಅಂತಾನೆ." ಅಜ್ಜಂಪುರದಿಂದ ಹಿರಿಯರೊಬ್ಬರು ಇನ್‌ಲ್ಯಾಂಡ್ ಲೆಟರ್‌ನಲ್ಲಿ ಬರೆದಿದ್ದಾರೆ. ಅಕ್ಷರ ಮುತ್ತಿನ ಹಾಗಿದೆ.

ಈ ಮಾತು ಅಜ್ಜಿಗಿಂತ ಬೆಂಗಳೂರಿನಲ್ಲಿರೋ ಮಗಳು ಕೇಳಬೇಕಾದ್ದು. ರೈಲಿನಲ್ಲಿ ಮಗು ಆಡಲಿ, ಬೇಡ ಅನ್ನಬೇಡಿ. ಕೈಯಲ್ಲಿ ಹಿಡಿಯೋ ಯಂತ್ರ ಹುಟ್ಟಿದ್ದೇ ಅಂಥ ಪ್ರಯಾಣಕ್ಕೆ. ತುಮಕೂರು, ಅರಸೀಕೆರೆ ದಾಟೋವರೆಗೂ ಆಡಲಿ, ನೀವೂ ಒಂದು ನಿದ್ದೆ ತೆಗೀಬಹುದು. ಆದರೆ ಬೀರೂರು ಬಂತು ಅಂದ್ರೆ ಯಂತ್ರ ಬ್ಯಾಗಿಗೆ. ಅಲ್ಲಿ ಲೈನ್ ಎರಡಾಗುತ್ತೆ, ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಅದನ್ನ ಕಿಟಕಿಯಲ್ಲಿ ತೋರಿಸಿ. ಚಾರ್ಜರ್ ಅಜ್ಜಿ ಕೈಗೆ ಕೊಟ್ಟುಬಿಡಿ. ಮಧ್ಯಾಹ್ನ ಬಿಸಿಲಿನ ಹೊತ್ತು, ಎರಡು ಮ್ಯಾಚ್, ಜಗಲಿಯಲ್ಲಿ ಎಲ್ಲರ ಎದುರಿಗೆ. ಮುಸುಕಿನೊಳಗೆ ಬೇಡ. ಪುಟ್ಟ ಪರದೆಯನ್ನ ಮಕ್ಕಳು ಮೂಗಿನ ಹತ್ತಿರ ಹಿಡೀತಾರೆ, ಕಣ್ಣಿಗೆ ಆಯಾಸ. ಇಪ್ಪತ್ತು ನಿಮಿಷಕ್ಕೊಮ್ಮೆ ದೂರದ ತೆಂಗಿನ ಮರ ನೋಡು ಅನ್ನಿ.

ಅಜ್ಜಿಗೂ ಒಂದು ಮಾತು ಅಮ್ಮಾ. ದನ ತೋರಿಸೋ ಮೊದಲು ನೀವು ಅವನ ಆಟ ನೋಡಿ. "ಆಫ್‌ಸೈಡ್ ಅಂದ್ರೆ ಏನೋ?" ಅಂತ ಕೇಳಿ. ಚೌಕಾಬಾರದ ಹುಣಸೆಬೀಜ, ಕವಡೆ ತಂದು ಅವನ ಮುಂದಿಡಿ. ಬೀಜವೆಲ್ಲ ಎದುರಾಳಿಗಳು, ಕವಡೆ ನಮ್ಮವರು. ಚೆಂಡು ಪಾಸ್ ಮಾಡೋ ಹೊತ್ತಿಗೆ ನಮ್ಮವನು, ಗೋಲ್‌ಕೀಪರ್ ಬಿಟ್ಟರೆ ಕೊನೆಯಲ್ಲಿರೋ ಎದುರಾಳಿಗಿಂತ ಮುಂದೆ ಹೋಗಿ ಕಾದು ನಿಂತಿರಬಾರದು, ಅಷ್ಟೇ ವಿಷಯ. ಇದನ್ನ ಅವನು ನಿಮಗೆ ಹೇಳಿಕೊಡಲಿ. ಅಜ್ಜಿಗೆ ಪಾಠ ಹೇಳೋ ಭಾಗ್ಯ ಯಾವ ಮೊಮ್ಮಗನಿಗೆ ಬೇಡ? ಮಾರನೇ ದಿನ ಬೆಳಗ್ಗೆ ದನ ನೋಡೋಕೆ ಅವನೇ ಮುಂದೆ ಹೊರಟರೂ ಆಶ್ಚರ್ಯ ಇಲ್ಲ. ಹೊರಡದೇ ಇದ್ದರೂ ಇನ್ನೊಂದು ದಿನ ಇದೆಯಲ್ಲ.

"ಇದು ಚಟ ಆಗಿಬಿಡುತ್ತಾ?" ಇದು ಎಲ್ಲರ ಪತ್ರದಲ್ಲೂ ಇರೋ ಪ್ರಶ್ನೆ. ದಿನಾ ಎರಡು ಮ್ಯಾಚ್ ಆಡೋದು ಚಟ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ಕಾಯಿಲೆಗಳ ಪಟ್ಟಿಯಲ್ಲಿ ಆಟದ ಚಟಕ್ಕೂ ಜಾಗ ಇದೆ. ಆದರೆ ಅದಕ್ಕೆ ಲಕ್ಷಣಗಳಿವೆ. ನಿಲ್ಲಿಸಬೇಕು ಅಂದ್ರೂ ಹಿಡಿತ ಸಿಗದಿರೋದು, ಊಟ, ನಿದ್ದೆ, ಓದು, ಗೆಳೆಯರು ಎಲ್ಲಕ್ಕಿಂತ ಆಟವೇ ಮೊದಲಾಗೋದು, ತೊಂದರೆ ಕಣ್ಣಿಗೆ ಕಂಡರೂ ಮುಂದುವರಿಸೋದು. ಅದೂ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ. ಮಗ ಶಾಲೆಗೆ ಹೋಗಲ್ಲ ಅಂತಾನೆ, ರಾತ್ರಿಯಿಡೀ ಎದ್ದಿರ್ತಾನೆ, ಕೊಡದಿದ್ರೆ ಕೈ ಎತ್ತುತ್ತಾನೆ ಅನ್ನೋ ಹಾಗಿದ್ರೆ ಮಾತ್ರ ಒಂದು ವರ್ಷ ಕಾಯೋದು ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲೇ ಇಂಥವರಿಗಾಗಿ 'ಶಟ್ ಕ್ಲಿನಿಕ್' ಶುರುವಾಗಿದೆ. ಅಷ್ಟು ದೂರ ಹೋಗೋ ಮೊದಲು ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ ಅನ್ನೋ ಹೆದರಿಕೆ ಬೇಡ.

ಕಡೂರಿನ ಹುಡುಗನಿಗೆ ಇದ್ಯಾವುದೂ ಇಲ್ಲ. ಒಂದು ರಾತ್ರಿ ಊಟ ಬಿಟ್ಟಿದ್ದು ಅವಮಾನಕ್ಕೆ. ಎರಡು ಗೋಲಿನಿಂದ ಮುಂದಿದ್ದನಂತೆ ಪಾಪ.

ಅವಳಿಗೂ ಒಂದು ಮ್ಯಾಚ್

ತರೀಕೆರೆಯಿಂದ ಬಂದ ಪತ್ರ ಚಿಕ್ಕದು. ಬರೆದಿದ್ದು ತಾಯಿ ಅಲ್ಲ, ಒಂಬತ್ತನೇ ಕ್ಲಾಸಿನ ಹುಡುಗಿ. "ಆಂಟಿ, ಅಣ್ಣ ದಿನಾ ಫುಟ್‌ಬಾಲ್ ಗೇಮ್ ಆಡ್ತಾನೆ. ನಾನು ಕೇಳಿದ್ರೆ 'ನಿಂಗೇನು ಗೊತ್ತಾಗುತ್ತೆ' ಅಂತಾನೆ. ಅಮ್ಮ 'ಅವನದು ಬಿಡು, ನೀನು ಬಂದು ಕಾಯಿ ತುರಿ' ಅಂತಾರೆ. ನಾನು ಅವನಿಗಿಂತ ಚೆನ್ನಾಗಿ ಆಡ್ತೀನಿ."

ಮೂರು ಪತ್ರಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದಿದ್ದು ಇದು. ಮಗ ಅತಿಯಾಗಿ ಆಡ್ತಾನೆ ಅಂತ ಚಿಂತೆ ಮಾಡೋ ನಮಗೆ ಮಗಳು ಆಡೋದೇ ಇಲ್ಲ ಅನ್ನೋದು ಕಾಣೋದೇ ಇಲ್ಲ ನೋಡಿ! ಅವಳ ಕೈಗೆ ಬಿಡುವೇ ಸಿಗದ ಹಾಗೆ ನಾವೇ ನೋಡಿಕೊಂಡಿರ್ತೀವಿ. ಆಟದ ಕಂಪನಿಯವರಿಗೂ ಹೆಣ್ಣುಮಕ್ಕಳು ನೆನಪಾಗಿದ್ದು ತಡವಾಗಿ. 1993ರಲ್ಲಿ ಶುರುವಾದ ಆಟಕ್ಕೆ ಮಹಿಳಾ ತಂಡಗಳು ಬಂದಿದ್ದು 2015ರ ಫಿಫಾ 16ರಲ್ಲಿ, ಅದೂ ಹನ್ನೆರಡು ದೇಶದವು ಮಾತ್ರ. 2023ರ ಎಫ್‌ಸಿ 24ರಲ್ಲಿ ಅಲ್ಟಿಮೇಟ್ ಟೀಮ್‌ನೊಳಗೆ ಗಂಡಸರು, ಹೆಂಗಸರು ಒಂದೇ ತಂಡದಲ್ಲಿ ಆಡೋ ಹಾಗಾಯಿತು. ನಿಜವಾದ ಮೈದಾನದಲ್ಲಿ ನಮ್ಮ ಹುಡುಗಿಯರು ಇನ್ನೂ ಗಟ್ಟಿ. 2025ರ ಜುಲೈನಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡ್‌ಗೆ ಹೋಗಿ ಥಾಯ್ಲೆಂಡನ್ನೇ 2–1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೀತು.

ಅಣ್ಣನಿಗೆ ಇದೆಲ್ಲ ಗೊತ್ತಿರಲಿಕ್ಕಿಲ್ಲ. ತಂಗಿ ಹೇಳಲಿ.

ತರೀಕೆರೆಯ ಆ ತಾಯಿಗೆ ನನ್ನ ಮಾತಿಷ್ಟೇ. ಮಗಳು ನಿಮ್ಮ ಕೆಲಸಕ್ಕೆ ಕೈ ಕೊಡೋದು ಬೇಡ ಅಂತ ನಾನು ಹೇಳ್ತಿಲ್ಲ. ಕಾಯಿ ತುರಿಯೋದನ್ನ ಅಣ್ಣನೂ ಕಲಿಯಲಿ ಅಂತಿದೀನಿ. ನಿಮ್ಮ ಕಡೆ ಜೂನ್‌ನಿಂದ ಮಳೆ ಹಿಡಿದರೆ ಮೈದಾನವೆಲ್ಲ ಕೆಸರು, ಮಕ್ಕಳು ಮನೆಯೊಳಗೇ ಇರ್ತಾರೆ. ಕಡೂರಿನ ಬಯಲಿನವರಿಗೆ ಮಳೆ ನೆಪ ಹೇಳೋಕಾಗಲ್ಲ, ಅಲ್ಲಿನ ಹುಡುಗ ಸಂಜೆ ಒಂದು ಗಂಟೆಯಾದ್ರೂ ಹೊರಗೆ ಚೆಂಡು ಒದೀಲಿ. ನಿಮ್ಮಲ್ಲಿ ಮಳೆ ನಿಲ್ಲೋವರೆಗೆ ಈ ಯಂತ್ರವೇ ಮೈದಾನ. ಸ್ವಿಚ್ ಆದರೆ ಅದರ ಎರಡು ಪಕ್ಕದ ಹಿಡಿಗಳನ್ನ ಬಿಚ್ಚಿ ಇಬ್ಬರೂ ಒಂದೊಂದು ಹಿಡಿದು ಒಂದೇ ಪರದೆಯಲ್ಲಿ ಎದುರುಬದುರಾಗಿ ಆಡಬಹುದು. ಈ ಭಾನುವಾರ ಮೊದಲ ಮ್ಯಾಚ್ ಅಣ್ಣ–ತಂಗಿಗೆ ಇಡಿ. ನೀವು ಒಲೆ ಸಣ್ಣ ಮಾಡಿ ಬಂದು ಕೂತ್ಕೊಳ್ಳಿ. ಸೋತವರು ಕಾಯಿ ತುರಿಯೋದು. ಫಲಿತಾಂಶ ಏನಾಯಿತು ಅಂತ ನನಗೆ ಬರೆಯೋಕೆ ಅವಳಿಗೆ ಹೇಳಿ.